ಸೀಸದ ನಂಜೂ ‘ದಡ್ಡ’ ಎಂಬ ಮಾತೂ

ಶಾಲೆಯ ಆಡುಮಾತಿನಲ್ಲಿ ‘ದಡ್ಡ’ ಎಂಬ ವಿಶೇಷಣಕ್ಕೆ ಇರುವಷ್ಟು ಬಳಕೆ ಬೇರೆ ಯಾವ ವಿಶೇಷಣಕ್ಕೂ ಇರಲಾರದು. ಅದರ ಸುತ್ತ ಮಾತುಗಳ ಒಂದು ಪರಿವಾರವೇ ಇದೆ: ತಲೆಗೆ ಹತ್ತುವುದಿಲ್ಲ, ಹೇಳಿದ್ದು ನಿಲ್ಲುವುದಿಲ್ಲ, ಕುಳಿತಲ್ಲಿ ಕೂರುವುದಿಲ್ಲ, ಮುಟ್ಟಿದರೆ ಸಿಡುಕು, ಸದಾ ಎಲ್ಲೋ ನೋಟ. ಕನ್ನಡವನ್ನು ಐಚ್ಛಿಕವಾಗಿ ಓದಿ, ಬಿ.ಎಡ್. ಮುಗಿಸಿ, ಗಡಿನಾಡಿನ ಶಾಲೆಗಳಿಗೆ ಹೋಗುವವರಿಗೆ ಈ ಮಾತುಗಳು ಹಿಂದಿನವರಿಂದ ಬಳುವಳಿಯಾಗಿ ಬರುತ್ತವೆ. ಇವು ಮಗುವಿನ ಹುಟ್ಟುಗುಣವನ್ನು ಹೇಳುತ್ತವೆಂಬುದೇ ಎಲ್ಲರ ನಂಬಿಕೆ. ಆದರೆ ಸೀಸದಿಂದ ಉಂಟಾಗುವ ದೀರ್ಘಕಾಲದ ವಿಷಬಾಧೆಯ ಬಗ್ಗೆ ವೈದ್ಯಗ್ರಂಥಗಳು ಕೊಡುವ ಲಕ್ಷಣಗಳ ಪಟ್ಟಿಯನ್ನು ಓದಿದವರಿಗೆ ಇದೇ ಮಾತುಗಳು ಅಲ್ಲಿ ಬೇರೆ ಉಡುಪಿನಲ್ಲಿ ಎದುರಾಗುತ್ತವೆ. ಏಕಾಗ್ರತೆಯ ಕೊರತೆ, ಕಲಿಕೆಯಲ್ಲಿ ಹಿನ್ನಡೆ, ಚಡಪಡಿಕೆ, ಕಾರಣವಿಲ್ಲದ ಕೋಪ, ಮಂಕು. ಹುಟ್ಟುಗುಣವೆಂದು ಬಗೆದದ್ದು ಕೆಲವು ಮಕ್ಕಳ ಮಟ್ಟಿಗೆ ಒಂದು ಲೋಹದ ಕೆಲಸವಾಗಿರಬಹುದು. ‘ಕೆಲವು ಮಕ್ಕಳ ಮಟ್ಟಿಗೆ’ ಎಂಬುದನ್ನು ಮರೆಯುವಂತಿಲ್ಲ. ಆದರೆ ಆ ಕೆಲವರು ಯಾರೆಂದು ಕೇಳುವ ಅಭ್ಯಾಸವೇ ಶಾಲೆಗಳಿಗೆ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ಸಂಗತಿ.

ಸೀಸದ ಬಾಧೆ ಎರಡು ಬಗೆಯದು. ಹೆಚ್ಚು ಪ್ರಮಾಣದ ಸೀಸ ಸ್ವಲ್ಪ ಕಾಲದಲ್ಲೇ ದೇಹ ಸೇರಿದರೆ ವಾಂತಿ, ಫಿಟ್ಸ್, ಪ್ರಜ್ಞಾಹೀನತೆ, ಸಾವು. 2010ರಲ್ಲಿ ನೈಜೀರಿಯಾದ ಜಂಫಾರಾ ಪ್ರಾಂತದ ಹಳ್ಳಿಗಳಲ್ಲಿ ಸೀಸ ಬೆರೆತ ಚಿನ್ನದ ಅದಿರನ್ನು ಮನೆಯಂಗಳಗಳಲ್ಲೇ ಪುಡಿಮಾಡಿದ್ದರಿಂದ ನೂರಾರು ಮಕ್ಕಳು ಹೀಗೆ ಅಸುನೀಗಿದರು. ಅದು ಲೋಕಕ್ಕೆ ತಿಳಿಯಿತು. ಎರಡನೆಯ ಬಗೆ ಸುದ್ದಿಯಾಗುವಂಥದ್ದಲ್ಲ. ದಿನಕ್ಕೆ ಎಳ್ಳಿನ ಮೊನೆಯಷ್ಟೂ ಇಲ್ಲದ ಪ್ರಮಾಣ, ಧೂಳಿನಲ್ಲಿ, ಹೊಗೆಯಲ್ಲಿ, ಆಹಾರದಲ್ಲಿ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಳಗೆ ಹೋಗುತ್ತಿರುತ್ತದೆ. ದೇಹಕ್ಕೆ ಸೀಸದಿಂದ ಯಾವ ಪ್ರಯೋಜನವೂ ಇಲ್ಲ. ಆದರೂ ದೇಹ ಅದನ್ನು ಕ್ಯಾಲ್ಸಿಯಂ ಎಂದು ತಪ್ಪಾಗಿ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಕ್ಯಾಲ್ಸಿಯಂ ಬೇಕು. ಆ ಜಾಗದಲ್ಲಿ ಸೀಸ ಬಂದು ಕುಳಿತರೆ ಸಂದೇಶ ತಪ್ಪುತ್ತದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ವಸ್ತುವನ್ನು ತಯಾರಿಸುವ ಕಿಣ್ವಗಳನ್ನೂ ಅದು ತಡೆಯುತ್ತದೆ, ಆದ್ದರಿಂದ ರಕ್ತಹೀನತೆ. ಬೆಳೆಯುತ್ತಿರುವ ಮಿದುಳಿನ ಮೇಲೆ ಇದರ ಹೊಡೆತ ಹೆಚ್ಚು. ಸಾಲದುದಕ್ಕೆ, ಒಂದೇ ಮೂಲದಿಂದ ದೊಡ್ಡವರು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಸೀಸವನ್ನು ಚಿಕ್ಕ ಮಕ್ಕಳ ದೇಹ ಹೀರಿಕೊಳ್ಳುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಬ್ಬಿಣದಂಶ, ಸುಣ್ಣದಂಶ ಕಡಿಮೆ ಇರುವ ಮಗುವಿನಲ್ಲಿ ಈ ಹೀರಿಕೆ ಇನ್ನೂ ಹೆಚ್ಚು. ಬಡತನ ಮತ್ತು ಸೀಸದ ನಂಟು ಹೀಗೆ ಊಟದ ಬಟ್ಟಲಿನಿಂದಲೇ ಶುರುವಾಗುತ್ತದೆ.

ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ. ಇಳಿದದ್ದೆಲ್ಲ ಹೊರಗೆ ಹೋಯಿತೆಂದು ಅರ್ಥವಲ್ಲ. ಬಹುಪಾಲು ಮೂಳೆಗೆ ಹೋಗಿ ಕೂರುತ್ತದೆ. ವಯಸ್ಕರ ದೇಹದಲ್ಲಿರುವ ಸೀಸದ ನೂರಕ್ಕೆ 90 ಭಾಗಕ್ಕೂ ಹೆಚ್ಚು ಇರುವುದು ಮೂಳೆ ಹಲ್ಲುಗಳಲ್ಲಿ, ಅದೂ ದಶಕಗಳ ಕಾಲ. ಹೆಣ್ಣುಮಗಳೊಬ್ಬಳು ಬಸುರಿಯಾದಾಗ, ಮಗುವಿಗೆ ಬೇಕಾದ ಸುಣ್ಣದಂಶಕ್ಕಾಗಿ ಅವಳ ಮೂಳೆ ಸವೆಯುತ್ತದೆ. ಆ ಸವೆತದೊಂದಿಗೆ ಅವಳ ಬಾಲ್ಯದಲ್ಲಿ ಸೇರಿದ ಸೀಸವೂ ಮತ್ತೆ ರಕ್ತಕ್ಕೆ ಬಂದು ಗರ್ಭವನ್ನು ತಲುಪುತ್ತದೆ. ಒಂದು ತಲೆಮಾರಿನ ಅಂಗಳದ ಧೂಳು ಮುಂದಿನ ತಲೆಮಾರಿಗೆ ದಾಟುವ ದಾರಿ ಇದು.

ದೊಡ್ಡವರಲ್ಲಿ ಕಾಣುವ ಚಿಹ್ನೆಗಳೂ ಇಷ್ಟೇ ಅಸ್ಪಷ್ಟ. ಆಯಾಸ, ತಲೆನೋವು, ನಿದ್ದೆಗೇಡು, ಮಲಬದ್ಧತೆ, ಬಂದು ಬಂದು ಹೋಗುವ ಹೊಟ್ಟೆ ನುಲಿತ, ಕೀಲುನೋವು, ಕೈಕಾಲು ಜೋಮು ಹಿಡಿಯುವುದು, ಮರೆವು. ಹೊರಗೆ ಏನನ್ನೂ ತೋರದೆ ಏರುವ ರಕ್ತದೊತ್ತಡ. ಮೂತ್ರಪಿಂಡದ ಹಾನಿ, ಗರ್ಭಪಾತ, ಗಂಡಸರಲ್ಲಿ ವೀರ್ಯದೋಷ. ಇವುಗಳಲ್ಲಿ ಸೀಸದಿಂದ ಮಾತ್ರವೇ ಬರುವಂಥದ್ದು ಒಂದೂ ಇಲ್ಲ. ಪ್ರತಿಯೊಂದಕ್ಕೂ ಬೇರೆ ನೂರು ಕಾರಣಗಳಿರಬಹುದು. ಪ್ರತಿಯೊಂದಕ್ಕೂ ಒಂದೊಂದು ಮಾತ್ರೆ ಇದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ, ಹೊಟ್ಟೆನೋವಿಗೆ ಹುಳದ ಔಷಧ ಅಥವಾ ಗ್ಯಾಸಿನ ಮಾತ್ರೆ. ರೋಗಿ ಮನೆಗೆ ಹೋಗುತ್ತಾನೆ, ಮೂಲ ಮನೆಯಲ್ಲೇ ಇರುತ್ತದೆ.

ಹಳೆಯ ಪಠ್ಯಗಳಲ್ಲಿ ಸೀಸಕ್ಕೇ ಮೀಸಲಾದ ಎರಡು ಗುರುತುಗಳಿದ್ದವು. ಒಸಡಿನ ಅಂಚಿನಲ್ಲಿ ಮೂಡುವ ನೀಲಿಗಪ್ಪು ಗೆರೆ ಒಂದು. ಇದನ್ನು 1840ರಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬರ್ಟನ್ ದಾಖಲಿಸಿದ. ಮಣಿಕಟ್ಟು ಸೋತು ಅಂಗೈ ಕೆಳಗೆ ಜೋಲುವುದು ಇನ್ನೊಂದು. ಇದು ಬಣ್ಣ ಬಳಿಯುವವರ ರೋಗವೆಂದೇ ಹೆಸರಾಗಿತ್ತು. ಎರಡೂ ಕಾರ್ಖಾನೆಯ ಕಾಲದ, ಬಹಳ ದೊಡ್ಡ ಪ್ರಮಾಣದ ಬಾಧೆಯ ಗುರುತುಗಳು. ಇವು ಇಲ್ಲವಾದ ಮಾತ್ರಕ್ಕೆ ಸೀಸ ಇಲ್ಲವೆಂದು ತೀರ್ಮಾನಿಸುವುದು ಹೊಗೆ ಕಾಣದ್ದರಿಂದ ಕೆಂಡವಿಲ್ಲ ಎಂದಂತೆ. ಎಷ್ಟು ಸೀಸವಿದ್ದರೆ ಅಪಾಯ ಎಂಬ ಗೆರೆಯೂ ಕೆಳಗಿಳಿಯುತ್ತಲೇ ಬಂದಿದೆ. ಅಮೆರಿಕದಲ್ಲಿ 1960ರ ದಶಕದಲ್ಲಿ ಮಗುವಿನ ಒಂದು ಡೆಸಿಲೀಟರ್ ರಕ್ತದಲ್ಲಿ 60 ಮೈಕ್ರೋಗ್ರಾಂವರೆಗೆ ಚಿಂತೆಯಿಲ್ಲ ಎನ್ನುತ್ತಿದ್ದರು. ಅದು 40ಕ್ಕೆ, 30ಕ್ಕೆ, 1985ರಲ್ಲಿ 25ಕ್ಕೆ, 1991ರಲ್ಲಿ 10ಕ್ಕೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಯಿತು. ಈ ಕೊನೆಯದೂ ಸುರಕ್ಷತೆಯ ಗೆರೆಯಲ್ಲ. ಇತರ ಮಕ್ಕಳಿಗಿಂತ ಹೆಚ್ಚು ಸೀಸವಿರುವವರನ್ನು ಗುರುತಿಸಲು ಇಟ್ಟುಕೊಂಡ ಅಂಕಿ ಮಾತ್ರ. ನಿರಪಾಯವೆನ್ನಬಹುದಾದ ಪ್ರಮಾಣ ಯಾವುದೂ ಗೊತ್ತಿಲ್ಲ ಎಂಬುದು ಇಂದಿನ ವೈದ್ಯಲೋಕದ ಒಮ್ಮತ.

ಈ ಗೆರೆ ಇಳಿಯಲು ಕಾರಣವಾದ ಅಧ್ಯಯನಗಳಲ್ಲಿ ಒಂದು ಭಾಷೆಯ ವಿದ್ಯಾರ್ಥಿಗೂ ಶಿಕ್ಷಕನಾಗಲಿರುವವನಿಗೂ ನೇರವಾಗಿ ಸಂಬಂಧಿಸಿದ್ದು. ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ವೈದ್ಯ 1970ರ ದಶಕದಲ್ಲಿ ಬಾಸ್ಟನ್ನಿನ ಪಕ್ಕದ ಚೆಲ್ಸಿ, ಸಾಮರ್‌ವಿಲ್ ಎಂಬ ಊರುಗಳ ಒಂದನೆಯ, ಎರಡನೆಯ ತರಗತಿಯ ಮಕ್ಕಳಿಂದ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿದರು. ಕನ್ನಡದ ಹಳ್ಳಿಗಳಲ್ಲಿ ಸೆಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ಹಲ್ಲು ಅಲ್ಲಿ ಸಾಕ್ಷಿಯಾಯಿತು. ರಕ್ತ ನಿನ್ನೆ ಮೊನ್ನೆಯದನ್ನು ಹೇಳಿದರೆ ಹಲ್ಲು ಹಲವು ವರ್ಷಗಳ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ. ಮಕ್ಕಳ ಹಲ್ಲಿನಲ್ಲಿ ಎಷ್ಟು ಸೀಸವಿದೆಯೆಂಬುದು ಅವರ ಶಿಕ್ಷಕರಿಗೆ ತಿಳಿಯದಂತೆ ನೋಡಿಕೊಂಡು, ಹನ್ನೊಂದು ಪ್ರಶ್ನೆಗಳ ಒಂದು ಹಾಳೆಯನ್ನು ಅವರಿಗೆ ಕೊಡಲಾಯಿತು: ಈ ಮಗುವಿನ ಗಮನ ಬೇಗ ಚದುರುತ್ತದೆಯೇ, ಹಿಡಿದ ಕೆಲಸವನ್ನು ಬಿಡುತ್ತದೆಯೇ, ಹಗಲುಗನಸು ಕಾಣುತ್ತದೆಯೇ, ಸುಲಭದ ಸೂಚನೆಯನ್ನೂ ಪಾಲಿಸಲಾರದೇ, ಎಂಬಂಥವು. ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ. 2,146 ಮಕ್ಕಳ ಬಗ್ಗೆ ಉತ್ತರಗಳು ಬಂದವು. ಹಲ್ಲಿನ ಸೀಸ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಶಿಕ್ಷಕರ ‘ಹೌದು’ಗಳೂ ಏರಿದ್ದವು. ಈ ಮಕ್ಕಳಲ್ಲಿ ಯಾರಿಗೂ ಸೀಸದ ಬಾಧೆಯೆಂದು ಯಾವ ವೈದ್ಯರೂ ಹೇಳಿರಲಿಲ್ಲ. 1979ರಲ್ಲಿ ಪ್ರಕಟವಾದ ಈ ಅಧ್ಯಯನ ಸೀಸದ ಉದ್ಯಮವನ್ನು ಕೆರಳಿಸಿತು. ನೀಡಲ್‌ಮನ್ ಅವರ ಪ್ರಾಮಾಣಿಕತೆಯ ಮೇಲೆಯೇ ಆರೋಪ ಬಂದು, ವಿಚಾರಣೆ ನಡೆದು, ಅವರು ದೋಷಮುಕ್ತರಾದರು. 1990ರಲ್ಲಿ ಅವರು ಅದೇ ಮಕ್ಕಳಲ್ಲಿ ಕೆಲವರನ್ನು ಮತ್ತೆ ಹುಡುಕಿ ನೋಡಿದಾಗ, ಹಲ್ಲಿನಲ್ಲಿ ಹೆಚ್ಚು ಸೀಸವಿದ್ದವರು ಪ್ರೌಢಶಾಲೆಯನ್ನು ಅರ್ಧಕ್ಕೆ ಬಿಡುವ ಸಂಭವ ಇತರರಿಗಿಂತ ಸುಮಾರು ಏಳು ಪಟ್ಟಿತ್ತು. ಅವರ ಪದಸಂಪತ್ತು ಕಡಿಮೆ, ಓದಿನಲ್ಲಿ ತೊಡಕು ಹೆಚ್ಚು.

ಶಿಕ್ಷಕರು ಸುಳ್ಳು ಹೇಳಿರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದದ್ದು. ಅವರು ಕಂಡದ್ದು ನಿಜ. ಕಂಡದ್ದಕ್ಕೆ ಮಗುವಿನ ಹೆಸರನ್ನು ಹಚ್ಚಿದ್ದಷ್ಟೇ ತಪ್ಪು. ದಡ್ಡ ಎಂಬ ನಾಮಪದ ಮಗುವಿನಲ್ಲೇ ಕಾರಣವನ್ನು ಇಟ್ಟುಬಿಡುತ್ತದೆ. ‘ಇವನ ಗಮನ ನಿಲ್ಲುತ್ತಿಲ್ಲ’ ಎಂಬ ಕ್ರಿಯಾಪದದ ವಾಕ್ಯವಾದರೆ ‘ಏಕೆ’ ಎಂಬ ಪ್ರಶ್ನೆಗೆ ಜಾಗ ಉಳಿಸುತ್ತದೆ. ವ್ಯಾಕರಣ ಓದಿದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದ ಓದುಗರಿಗೆ ಸೀಸ ಹೊಸದೇನೂ ಅಲ್ಲ. ಕಂಪ್ಯೂಟರಿನ ಅಕ್ಷರಜೋಡಣೆ ಬರುವವರೆಗೆ ಮುದ್ರಣಾಲಯಗಳ ಅಚ್ಚುಮೊಳೆಗಳು ಸೀಸ, ಆಂಟಿಮನಿ, ತವರಗಳ ಮಿಶ್ರಲೋಹದವು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ ಕಿಟೆಲ್ ಕೋಶದಂಥ ಬೃಹದ್ಗ್ರಂಥ ಒಂದೊಂದೇ ಮೊಳೆಯಾಗಿ ಯಾರದೋ ಬೆರಳುಗಳನ್ನು ದಾಟಿ ಬಂದದ್ದು. ಕನ್ನಡ ಮುದ್ರಣದ ಚರಿತ್ರೆಗಳು ಗ್ರಂಥಗಳನ್ನೂ ಸಂಪಾದಕರನ್ನೂ ನೆನೆಯುವಷ್ಟು ಮೊಳೆ ಜೋಡಿಸಿದವರನ್ನು ನೆನೆಯುವುದಿಲ್ಲ. ಕಾನೂನು ಅವರನ್ನು ಒಂದಿಷ್ಟು ನೆನೆಯಿತು: 1948ರ ಕಾರ್ಖಾನೆಗಳ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯ ಮೊದಲ ಹೆಸರೇ ಸೀಸದ ವಿಷಬಾಧೆಯಾಗಿತ್ತು. ಆದರೆ ಆ ಕಾಯಿದೆ ಕಂಡದ್ದು ಕಾರ್ಖಾನೆಯೆಂದು ನೋಂದಾಯಿತವಾದ ಜಾಗದ ಕೆಲಸಗಾರನನ್ನು. ಗುಜರಿ ಅಂಗಡಿಯ ಹಿಂದೆ ಬ್ಯಾಟರಿ ಒಡೆಯುವವನನ್ನಾಗಲಿ, ಅವನ ಬಟ್ಟೆಯ ಧೂಳಿನಲ್ಲಿ ಆಡುವ ಮಗುವನ್ನಾಗಲಿ ಅದು ಕಾಣಲಿಲ್ಲ. (ಅಂದ ಹಾಗೆ, ಶಾಲೆಯ ‘ಸೀಸದ ಕಡ್ಡಿ’ಯಲ್ಲಿ ಮಾತ್ರ ಸೀಸವಿಲ್ಲ. ಅದರೊಳಗಿರುವುದು ಗ್ರಾಫೈಟು, ಅಂದರೆ ಇಂಗಾಲ. ಪೆನ್ಸಿಲ್ ಚೀಪುವ ಮಗುವಿನ ಬಗ್ಗೆ ಗಾಬರಿಪಡುವವರು ಅದರ ಹೊರಮೈಯ ಹಳೆಯ ಬಣ್ಣದ ಬಗ್ಗೆ ಯೋಚಿಸಿದರೆ ಸಾಕು.)

ದೇಶದ ಮಟ್ಟಿಗೆ ಈ ವಿಷಯಕ್ಕೆ ದನಿ ಬಂದದ್ದು ಬೆಂಗಳೂರಿನಿಂದ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಏಳು ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ, ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಸೀಸದ ಪ್ರಮಾಣ 10 ಮೈಕ್ರೋಗ್ರಾಂಗಿಂತ ಮೇಲಿತ್ತು. ಹೊಸೂರಿನ ಕಡೆಯ ಶಾಂತಿಭವನ ವಸತಿಶಾಲೆಯನ್ನು ಕಟ್ಟಿದ ಅಬ್ರಹಾಂ ಜಾರ್ಜ್ ಅವರೇ ಈ ಸಂಸ್ಥೆಯ ಸ್ಥಾಪಕರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ಪರೀಕ್ಷೆಗಾಗಿಯೇ ರಾಷ್ಟ್ರಮಟ್ಟದ ಕೇಂದ್ರವೊಂದನ್ನು ಕಟ್ಟಿ ಬೆಳೆಸಿದರು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸ ಬೆರೆತ ಪೆಟ್ರೋಲ್ ಮಾರಾಟ ನಿಂತಿತು. ಇಂಥ ಕ್ರಮದ ಫಲ ಏನೆಂಬುದಕ್ಕೆ ಅಮೆರಿಕದ ಅಂಕಿಗಳಿವೆ: ಅಲ್ಲಿ 1970ರ ದಶಕದ ಕೊನೆಗೆ 15ರ ಆಸುಪಾಸಿನಲ್ಲಿದ್ದ ಚಿಕ್ಕ ಮಕ್ಕಳ ಸರಾಸರಿ, ಪೆಟ್ರೋಲಿನಿಂದಲೂ ಬಣ್ಣದಿಂದಲೂ ಸೀಸ ಹೋದ ಮೇಲೆ, ಇಪ್ಪತ್ತೈದು ವರ್ಷಗಳೊಳಗೆ 2ರ ಹತ್ತಿರಕ್ಕೆ ಬಂತು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2016ರಲ್ಲಿ ಬಂದು, ಮರುವರ್ಷ ನವೆಂಬರಿನಿಂದ ಜಾರಿಯಾಯಿತು. ಅಲ್ಲಿಗೆ ವಿಷಯ ಮುಗಿಯಿತೆಂದು ತಿಳಿದವರು ಬಹಳ. ಆದರೆ 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ ವರದಿ, ರಕ್ತದಲ್ಲಿ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿರುವ ಮಕ್ಕಳು ಜಗತ್ತಿನಲ್ಲಿ ಸುಮಾರು 80 ಕೋಟಿ, ಅವರಲ್ಲಿ 27 ಕೋಟಿಗೂ ಹೆಚ್ಚು ಮಂದಿ ಭಾರತದವರು ಎಂದು ಅಂದಾಜಿಸಿತು. ಪೆಟ್ರೋಲ್ ಹೋಗಿ ಎರಡು ದಶಕವಾದ ಮೇಲಿನ ಮಾತಿದು.

ಹಾಗಾದರೆ ಈಗ ಅದು ಬರುವುದೆಲ್ಲಿಂದ? ಜಗತ್ತು ಬಳಸುವ ಸೀಸದ ನೂರಕ್ಕೆ 85ರಷ್ಟು ಹೋಗುವುದು ಬ್ಯಾಟರಿಗಳಿಗೆ. ವಾಹನದ ಬ್ಯಾಟರಿ, ಕರೆಂಟು ಹೋದಾಗ ಉರಿಯುವ ಇನ್ವರ್ಟರಿನ ಬ್ಯಾಟರಿ, ಆಟೋದ ಬ್ಯಾಟರಿ. ಸೀಸ 327 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕೆ ದೊಡ್ಡ ಕುಲುಮೆಯೇ ಬೇಕೆಂದಿಲ್ಲ, ಹಿತ್ತಲ ಒಲೆ ಸಾಕು. ನಿಯಮದಂತೆ ಹಳೆಯ ಬ್ಯಾಟರಿಗಳು ಅಧಿಕೃತ ಘಟಕಗಳಿಗೇ ಹೋಗಬೇಕು. ನಿಯಮವನ್ನು ತಪ್ಪಿಸಿ ಕರಗಿಸುವ ಕಡೆ ಸುತ್ತಲ ಮಣ್ಣು ವರ್ಷಗಟ್ಟಲೆ ಕೆಡುತ್ತದೆ. ಕಡಲತೀರದಲ್ಲಿ ಬೀಸುಬಲೆಯ ಅಂಚಿಗೆ ಕಟ್ಟುವ ಮಣಿಗಳು ಸೀಸದವು. ಹಳೆಯ ಬಾಗಿಲು, ಕಿಟಕಿ, ಗೇಟುಗಳ ಬಣ್ಣವನ್ನು ಹೊಸ ಬಣ್ಣಕ್ಕೆ ಮುಂಚೆ ಒಣಗಿದ್ದಂತೆಯೇ ಉಜ್ಜಿ ತೆಗೆಯುವ ಪದ್ಧತಿ ಎಲ್ಲೆಡೆ ಇದೆ. ಆ ಪುಡಿ ಅಂಗಳದಲ್ಲೇ ಉಳಿಯುತ್ತದೆ. ಅಂಬೆಗಾಲಿನ ಮಗುವಿಗೆ ಅಂಗಳವೂ ಬಾಯಿಯೂ ಬೇರೆಯಲ್ಲ.

ಅರಿಸಿನದ ಕಥೆಯಂತೂ ತಿಳಿದಿರಬೇಕಾದದ್ದು. ಬಾಂಗ್ಲಾದೇಶದಲ್ಲಿ ಅರಿಸಿನದ ಕೊಂಬನ್ನು ಪಾಲಿಶ್ ಮಾಡುವಾಗ ಬಣ್ಣ ಹೊಳೆಯಲೆಂದು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಬೆರೆಸುತ್ತಿದ್ದರು. ಬಸುರಿಯರ ರಕ್ತದಲ್ಲಿನ ಸೀಸದ ಜಾಡು ಹಿಡಿದು ಹೊರಟ ಸಂಶೋಧಕರು ತಲುಪಿದ್ದು ಅಡುಗೆಮನೆಯ ಡಬ್ಬಿಗೆ. ಸರ್ಕಾರ ಪತ್ರಿಕೆಗಳ ಮೂಲಕ ಎಚ್ಚರಿಸಿತು, ಸಗಟು ಮಾರುಕಟ್ಟೆಯಲ್ಲಿ ದಾಳಿ ಮಾಡಿ ದಂಡ ಹಾಕಿತು. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿದ್ದ ಸೀಸ 2021ರ ಹೊತ್ತಿಗೆ ಒಂದರಲ್ಲೂ ಸಿಗಲಿಲ್ಲ. ಜತ್ತ ತಾಲ್ಲೂಕು ಇರುವ ಸಾಂಗ್ಲಿ ಜಿಲ್ಲೆಯೂ ತಾಳವಾಡಿ ಇರುವ ಈರೋಡು ಜಿಲ್ಲೆಯೂ ಅರಿಸಿನಕ್ಕೆ ಹೆಸರಾದವು. ಅಲ್ಲಿಯ ಬೆಳೆಗಾರರ ಮೇಲೆ ಗುಮಾನಿ ಹೊರಿಸಲು ಯಾವ ಕಾರಣವೂ ಇಲ್ಲ. ಬೆರಕೆ ನಡೆದದ್ದು ಹೊಲದಲ್ಲಿ ಅಲ್ಲ, ಹೊಳಪನ್ನು ಬೆಲೆಯೆಂದು ತಿಳಿಯುವ ಕೊಳ್ಳುವವರ ಕಣ್ಣಿಗಾಗಿ. ಮಂಕು ಬಣ್ಣದ ಕೊಂಬನ್ನು ಕಡಿಮೆ ಬೆಲೆಗೆ ಕೇಳುವ ಗಿರಾಕಿಗೂ ಇದರಲ್ಲಿ ಪಾಲಿದೆ.

ಇನ್ನು ಪಾತ್ರೆ. ಇಲ್ಲಿ ಭಾಷೆಯೇ ಎಡವುತ್ತದೆ. ಕನ್ನಡದಲ್ಲಿ ಸೀಸ ಬೇರೆ, ತವರ ಬೇರೆ. ತೆಲುಗಿನಲ್ಲಿ ಸೀಸಂ, ತಗರಂ. ಮರಾಠಿಯಲ್ಲಿ ಶಿಸೆ, ಕಥೀಲ್. ತಮಿಳಿನಲ್ಲಿ ಮಾತ್ರ ‘ಈಯಂ’ ಎರಡಕ್ಕೂ ಸಲ್ಲುತ್ತದೆ: ಕರಿದಾದರೆ ಕಾರೀಯಂ, ಅಂದರೆ ಸೀಸ, ಬಿಳಿದಾದರೆ ವೆಳ್ಳೀಯಂ, ಅಂದರೆ ತವರ. ಮಲಯಾಳದಲ್ಲಿ ಬರಿಯ ಈಯಂ ಎಂದರೆ ಸಾಮಾನ್ಯವಾಗಿ ಸೀಸವೇ. (ಪ್ರಾಚೀನ ರೋಮನ್ನರೂ ತವರವನ್ನು ಬಿಳಿಯ ಸೀಸವೆಂದೇ ಕರೆದರು, ಗೊಂದಲ ಹಳೆಯದು.) ಸಾರು ಕುದಿಸುವ ಈಯದ ಚೊಂಬು ತವರದ್ದಾಗಿದ್ದರೆ ತೊಂದರೆಯಿಲ್ಲ. ತವರ ದುಬಾರಿ, ಸೀಸ ಅಗ್ಗ. ತವರದಲ್ಲಿ ಸೀಸ ಬೆರೆತಿದ್ದರೆ ಹುಣಿಸೆಯ ಹುಳಿ ಅದನ್ನು ಕರಗಿಸಿ ಸಾರಿಗೆ ಸೇರಿಸುತ್ತದೆ. ಹಿತ್ತಾಳೆಯ ಪಾತ್ರೆಗೆ ಹಾಕುವ ಕಲಾಯಿಗೂ ಇದೇ ಮಾತು. ಪಾತ್ರೆಯ ಹೆಸರಿನಿಂದ ಲೋಹವನ್ನು ತಿಳಿಯಲಾಗದ ಕಡೆ ಹೆಸರನ್ನು ನಂಬಿ ಕೊಳ್ಳುವುದು ಜಾಣತನವಲ್ಲ. ಸಂಸ್ಕೃತದ ರಸಶಾಸ್ತ್ರದಲ್ಲಿ ಸೀಸದ ಹೆಸರು ‘ನಾಗ’, ತವರದ ಹೆಸರು ‘ವಂಗ’. ನಾಗಭಸ್ಮವೆಂಬ ಹೆಸರನ್ನು ಕೇಳಿದವನಿಗೆ ಹಾವು ನೆನಪಾದೀತೇ ಹೊರತು ಸೀಸ ನೆನಪಾಗದು. ನೀಡಲ್‌ಮನ್ ಕೆಲಸ ಮಾಡಿದ ಅದೇ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಔಷಧಗಳಲ್ಲಿ 14ರಲ್ಲಿ ಸೀಸ, ಪಾದರಸ, ಶಂಖಪಾಷಾಣಗಳಲ್ಲಿ ಒಂದಲ್ಲ ಒಂದು ಇದ್ದುದನ್ನು 2004ರ ಅಧ್ಯಯನವೊಂದು ತೋರಿಸಿತು. ‘ಸಿಂಧೂರ’ ಎಂಬ ಪದಕ್ಕೂ ನಿಘಂಟಿನಲ್ಲಿ ಸೀಸದ ಕೆಂಪು ಭಸ್ಮ ಎಂಬ ಅರ್ಥವಿದೆ. ಅರಿಸಿನ ಸುಣ್ಣಗಳಿಂದಾಗುವ ಕುಂಕುಮ ಬೇರೆಯದೇ ವಸ್ತು.

ಪದಗಳ ಈ ಗೋಜಲು ಆಸ್ಪತ್ರೆಯ ಬಾಗಿಲಲ್ಲಿ ಇನ್ನಷ್ಟು ಬಿಗಿಯಾಗುತ್ತದೆ. ಕನ್ನಡದಲ್ಲಿ ಹೊಟ್ಟೆ ಬರಿದೆ ನೋಯುವುದಿಲ್ಲ. ನುಲಿಯುತ್ತದೆ, ಇರಿಯುತ್ತದೆ, ಉರಿಯುತ್ತದೆ, ಕಟ್ಟುತ್ತದೆ. ಸೀಸದ ಹೊಟ್ಟೆನೋವಿಗೆ ಒಪ್ಪುವ ಮಾತು ನುಲಿತ. ಗಡಿಯಾಚೆಯ ಆಡಳಿತಭಾಷೆಯ ವೈದ್ಯರ ಮುಂದೆ ಅರೆಬರೆ ಭಾಷೆಯಲ್ಲಿ ಹೇಳಿಕೊಳ್ಳುವ ಮುದುಕಿಯ ಬಾಯಲ್ಲಿ ಇವೆಲ್ಲ ಒಂದೇ ಆಗುತ್ತವೆ: ಕಾಸರಗೋಡಿನಲ್ಲಿ ವಯರುವೇದನ, ತಾಳವಾಡಿಯಲ್ಲಿ ವಯಿಟ್ರುವಲಿ, ಆದೋನಿಯಲ್ಲಿ ಕಡುಪುನೊಪ್ಪಿ, ಅಕ್ಕಲಕೋಟೆಯಲ್ಲಿ ಪೋಟದುಖಿ. ತನ್ನದೇ ಆದ ಗುರುತಿಲ್ಲದ ರೋಗವನ್ನು ಹಿಡಿಯಲು ವೈದ್ಯರಿಗಿರುವ ಮುಖ್ಯ ಸಾಧನ ರೋಗಿಯ ಮಾತು. ಆ ಮಾತೇ ತೆಳುವಾದರೆ ರೋಗ ಜಾರಿಕೊಳ್ಳುತ್ತದೆ. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಚರ್ಚೆಗಳು ಶಾಲೆ, ಕಚೇರಿ, ನಾಮಫಲಕಗಳ ಸುತ್ತಲೇ ಸುತ್ತುತ್ತವೆ. ಔಷಧಾಲಯದ ಬೆಂಚಿನವರೆಗೆ ಅವು ಬರುವುದು ಅಪರೂಪ.

ನಿಧಾನದ ನಂಜು ಏನು ಮಾಡಬಲ್ಲದೆಂಬುದನ್ನು ಕಾಸರಗೋಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳಲ್ಲಿ ಎಣ್ಮಕಜೆಯ ಮನೆಗಳಲ್ಲಿ ಹುಟ್ಟಿದ ಮಕ್ಕಳ ಸ್ಥಿತಿಗೆ ದೈವದ ಮುನಿಸೇ ಕಾರಣವೆಂದು ನಂಬಿದವರಿದ್ದರು. ಪತ್ರಕರ್ತ ಶ್ರೀಪಡ್ರೆಯವರು ಕರುಗಳ ಅಂಗವೈಕಲ್ಯವನ್ನು ಕಂಡು 1980ರ ದಶಕದ ಆರಂಭದಲ್ಲೇ ಬರೆದರು. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರರು ತಮ್ಮ ರೋಗಿಗಳು ಯಾವ ಯಾವ ಮನೆಯಿಂದ ಬರುತ್ತಾರೆಂಬುದನ್ನು ಗಮನಿಸಿ ಪ್ರಶ್ನೆ ಎತ್ತಿದರು. ಸಿಂಪಡಣೆ ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಎಂಡೋಸಲ್ಫಾನ್ ಬೇರೆ, ಸೀಸ ಬೇರೆ. ಒಂದರ ಲಕ್ಷಣವನ್ನು ಇನ್ನೊಂದಕ್ಕೆ ಹಚ್ಚುವುದು ತಪ್ಪು. ಆದರೆ ಹಣೆಬರಹ, ದೈವಕೋಪ, ಹುಟ್ಟುಗುಣ ಎಂಬ ಮೂರು ಮಾತುಗಳೂ ಮಾಡುವ ಕೆಲಸ ಒಂದೇ, ಕಾರಣದ ಹುಡುಕಾಟವನ್ನು ನಿಲ್ಲಿಸುವುದು.

ಇಲ್ಲೊಂದು ಆಕ್ಷೇಪ ಬರುವುದು ಸಹಜ, ಅದು ನ್ಯಾಯವಾದದ್ದೂ ಹೌದು. ಹಿಂದುಳಿದ ಪ್ರತಿ ಮಗುವಿನಲ್ಲೂ ಸೀಸವನ್ನು ಕಾಣತೊಡಗಿದರೆ ಹಸಿವು, ಜಂತುಹುಳು, ಮನೆಯ ಜಗಳ, ಕನ್ನಡಕದ ಕೊರತೆ ಎಲ್ಲವೂ ಮರೆಯಾಗುತ್ತವೆ. ಗಡಿನಾಡಿನಲ್ಲಿ ಇನ್ನೊಂದು ಕಾರಣವಂತೂ ಕಣ್ಣಮುಂದೆಯೇ ಇದೆ: ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದ್ದರ ವಿರುದ್ಧ ಕಾಸರಗೋಡಿನಲ್ಲಿ ವಿದ್ಯಾರ್ಥಿಗಳೂ ಪೋಷಕರೂ ಬೀದಿಗಿಳಿದದ್ದುಂಟು. ಅಂಥ ತರಗತಿಯಲ್ಲಿ ಮಗು ಕಿಟಕಿಯಾಚೆ ನೋಡುತ್ತಿದ್ದರೆ ಅದರ ರಕ್ತವನ್ನು ಪರೀಕ್ಷಿಸುವುದು ಅವಿವೇಕ. ಪರೀಕ್ಷೆಗೊಳಗಾಗಬೇಕಾದದ್ದು ನೇಮಕಾತಿಯ ಕಡತ. ಸೀಸದ ಮಾತನ್ನು ಆ ಕಡತ ಮುಚ್ಚಲು ಬಳಸುವವರೂ ನಾಳೆ ಹುಟ್ಟಬಹುದು. ಆದರೂ ಒಂದು ಅನ್ಯಾಯವಿದೆಯೆಂದು ಇನ್ನೊಂದನ್ನು ಬಿಡುವಂತಿಲ್ಲ. ಎರಡರಲ್ಲೂ ಕೊನೆಗೆ ದಡ್ಡನೆನಿಸಿಕೊಳ್ಳುವುದು ಅದೇ ಮಗು.

ಚಿಕಿತ್ಸೆಯ ಬಗ್ಗೆಯೂ ಭ್ರಮೆ ಬೇಡ. ರಕ್ತದ ಸೀಸ 45 ಮೈಕ್ರೋಗ್ರಾಂ ದಾಟಿದಾಗ ಅದನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಗಳನ್ನು ಕೊಡುತ್ತಾರೆ. ಅವು ಜೀವ ಉಳಿಸುತ್ತವೆ. ಅದಕ್ಕಿಂತ ಕೆಳಗಿನ ಪ್ರಮಾಣದ 780 ಮಕ್ಕಳ ಮೇಲೆ ಅಮೆರಿಕದಲ್ಲಿ ಇಂಥ ಒಂದು ಔಷಧವನ್ನು ಪ್ರಯೋಗಿಸಿ ನೋಡಿದರು. ರಕ್ತದ ಸೀಸ ಇಳಿಯಿತು, ಆದರೆ ಬುದ್ಧಿಯ ಪರೀಕ್ಷೆಗಳಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲವೆಂದು 2001ರಲ್ಲಿ ವರದಿಯಾಯಿತು. ಹೋದದ್ದನ್ನು ತರುವ ಮದ್ದಿಲ್ಲ. ಮೂಲವನ್ನು ಹುಡುಕಿ ದೂರಮಾಡುವುದು, ಕಬ್ಬಿಣದಂಶವೂ ಸುಣ್ಣದಂಶವೂ ಇರುವ ಊಟ, ಕೈತೊಳೆಯುವ ಅಭ್ಯಾಸ, ಒದ್ದೆ ಬಟ್ಟೆಯಿಂದ ನೆಲ ಒರೆಸುವುದು, ಕೆಲಸದ ಬಟ್ಟೆಯನ್ನು ಮನೆಯೊಳಗೆ ತಾರದಿರುವುದು, ಇಷ್ಟೇ ಇರುವ ದಾರಿ. ಆದ್ದರಿಂದಲೇ ಬೇಗ ಅನುಮಾನಿಸುವವರು ಬೇಕು, ಮತ್ತು ಮಗುವನ್ನು ದಿನಕ್ಕೆ ಐದು ಗಂಟೆ ನೋಡುವವರು ಶಿಕ್ಷಕರಲ್ಲದೆ ಬೇರೆ ಯಾರೂ ಇಲ್ಲ.

ಬಿ.ಎಡ್. ಬೋಧನಾಭ್ಯಾಸದಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಕರಣ ಅಧ್ಯಯನವನ್ನು ಬರೆಯುವ ಪದ್ಧತಿ ಇದೆ. ಅದರಲ್ಲಿ ತಂದೆಯ ಉದ್ಯೋಗ ಎಂಬ ಕಲಂ ‘ಕೂಲಿ’ ಎಂಬ ಒಂದೇ ಪದದಿಂದ ತುಂಬಿಹೋಗುತ್ತದೆ. ಎಂಥ ಕೂಲಿ ಎಂದು ಕೇಳಬಹುದು. ಬ್ಯಾಟರಿಯೇ, ಬಣ್ಣವೇ, ಗುಜರಿಯೇ, ಬಲೆಯೇ? ಮಗು ಮಣ್ಣು, ಗೋಡೆಯ ಹೊಪ್ಪಳೆ ತಿನ್ನುವುದುಂಟೇ? ಮನೆಯಲ್ಲಿ ಬೇರೆಯವರಿಗೂ ಹೊಟ್ಟೆ ನುಲಿತವಿದೆಯೇ? ಉತ್ತರಗಳು ಸಂದೇಹ ಹುಟ್ಟಿಸಿದರೆ ರಕ್ತಪರೀಕ್ಷೆಯ ಸಲಹೆಗಾಗಿ ವೈದ್ಯರಿಗೆ ನಾಲ್ಕು ಸಾಲಿನ ಪತ್ರ ಬರೆದುಕೊಡಬಹುದು, ಆ ಊರಿನ ಆಸ್ಪತ್ರೆಯ ಭಾಷೆಯಲ್ಲಿ. ಬೆರಳ ತುದಿಯ ಹನಿಯಲ್ಲಿ ಹೆಚ್ಚು ಕಂಡರೆ ರಕ್ತನಾಳದ ರಕ್ತದಿಂದ ಮತ್ತೊಮ್ಮೆ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಬೆರಳಿಗಂಟಿದ ಧೂಳೇ ಅಂಕಿಯನ್ನು ಏರಿಸಬಲ್ಲದು. ಕನ್ನಡ ವಿಭಾಗಗಳಿಗೆ ಒಪ್ಪುವ ಕೆಲಸ ಇನ್ನೊಂದಿದೆ: ಲೋಹಗಳ ಹೆಸರು, ನೋವುಗಳ ಹೆಸರು, ಕಸುಬುಗಳ ಹೆಸರುಗಳನ್ನು ಕನ್ನಡದೊಂದಿಗೆ ಮಲಯಾಳ, ತಮಿಳು, ತೆಲುಗು, ಮರಾಠಿಗಳಲ್ಲಿ ಜೋಡಿಸಿದ ಎರಡು ಪುಟದ ಪದಪಟ್ಟಿ. ಒಂದು ಸೆಮಿಸ್ಟರಿನ ಕಿರುಯೋಜನೆಗೆ ಸಾಕಾಗುವಷ್ಟು ಕೆಲಸ ಅದು. ಈಯಂ ಎಂಬ ಪದದ ಎದುರು ಮಾತ್ರ ಎರಡೂ ಅರ್ಥಗಳನ್ನು ಬರೆಯಬೇಕಾಗುತ್ತದೆ.